ಎತ್ತು ಕಳೆದ ಪಿಚ್ಚರು

ಕನಕರಾಯನಿಗೆ ಸಿಟ್ಟು ಬರಲು ಕಾರಣ ಬೇಕಿರಲಿಲ್ಲ. ಚಹಾದಲ್ಲಿ ಸಕ್ಕರೆ ಕಡಿಮೆಯಾದರೂ ಸಿಟ್ಟು, ಹೆಚ್ಚಾದರೂ ಸಿಟ್ಟು. ಸಿಂಧನೂರಿನ ಬಸ್ಸು ತಡವಾದರೆ ಬೈಯುತ್ತಿದ್ದ. ಹೊತ್ತಿಗೆ ಸರಿಯಾಗಿ ಬಂದರೆ ‘ಇವತ್ತೇನು ಬಂತು ಇದಕ್ಕ’ ಎಂದು ಇನ್ನೂ ಜೋರಾಗಿ ಬೈಯುತ್ತಿದ್ದ. ಸಾಲಿ ಬಿಟ್ಟಿದ್ದೂ ಸಿಟ್ಟಿನಿಂದಲೇ. ಆರನೇ ತರಗತಿಯಲ್ಲಿ ಮಾಸ್ತರರು ಒಬ್ಬ ರಾಜನ ಪಾಠ ಮಾಡುತ್ತಿದ್ದರು. ರಾಜ ಬೇಟೆಗೆ ಹೋದ, ಅಡವಿಯಲ್ಲಿ ದಾರಿ ತಪ್ಪಿದ ಎನ್ನುವಷ್ಟಕ್ಕೆ ಗಂಟೆ ಹೊಡೆಯಿತು. ಮರುದಿನ ಬಂದವರು ಬೇರೆ ಪಾಠ ತೆಗೆದರು. ‘ನಿನ್ನಿ ರಾಜ ಮನಿ ಮುಟ್ಟಿದನೇನ್ರಿ ಸರ್’ ಎಂದು ಕನಕರಾಯ ಎದ್ದು ನಿಂತು ಕೇಳಿದ. ‘ಅದು ಪರೀಕ್ಷೆಗೆ ಬರಂಗಿಲ್ಲ, ಕುಂದ್ರು’ ಅಂದರು. ಅವನು ಕೂರಲಿಲ್ಲ. ಚೀಲ ಹೆಗಲಿಗೆ ಹಾಕಿಕೊಂಡು ಹೊರಬಿದ್ದವನು ಆ ಬಾಗಿಲ ಕಡೆ ಮತ್ತೆ ಮುಖ ಮಾಡಲಿಲ್ಲ.

ಎಂಬತ್ತಾರನೆಯ ಇಸವಿಯ ಸುಗ್ಗಿಯ ಹೊತ್ತಿಗೆ ಅವನಿಗೆ ಮೀಸೆ ದಪ್ಪವಾಗಿತ್ತು, ಕೆಲಸವೂ ಒಂದು ಸಿಕ್ಕಿತ್ತು. ಮಸ್ಕಿಯ ಹಳ್ಳದ ದಂಡೆಯಲ್ಲಿ ಜಂಗ್ಲಿಸಾಬರು ಟೆಂಟ್ ಟಾಕೀಸು ಹಾಕಿದ್ದರು. ಅದರ ಪ್ರಚಾರಕ್ಕೆ ಗಿಡ್ಡಪ್ಪನ ಟಾಂಗಾ, ಟಾಂಗಾದ ಎರಡೂ ಪಕ್ಕ ಪೋಸ್ಟರು ಹಚ್ಚಿದ ತಟ್ಟಿ, ನೆತ್ತಿಯ ಮೇಲೆ ಮೈಕಿನ ಹಾರ್ನು, ಒಳಗೆ ಬ್ಯಾಟರಿ ಪಕ್ಕದಲ್ಲಿ ಕನಕರಾಯ. ಬೇರೆ ಟಾಕೀಸಿನವರು ಹೀರೋ ಹೆಸರು ಹೇಳಿ, ಫೈಟು ಎಷ್ಟು ಹಾಡು ಎಷ್ಟು ಎಂದು ಕೂಗಿಕೊಂಡು ಹೋಗುತ್ತಿದ್ದರು. ಕನಕರಾಯ ಹಾಗಲ್ಲ. ಅವನು ಮೊದಲು ಸಿಂಧನೂರಿಗೆ ಹೋಗಿ ಪಿಚ್ಚರು ನೋಡಿಕೊಂಡು ಬರುತ್ತಿದ್ದ. ಆಮೇಲೆ ಊರೂರಿನ ಕಟ್ಟೆಯ ಮುಂದೆ ಟಾಂಗಾ ನಿಲ್ಲಿಸಿ ಕಥೆ ಹೇಳುತ್ತಿದ್ದ. ಅಣ್ಣತಮ್ಮಂದಿರು ಬೇರೆಯಾದದ್ದು, ತಮ್ಮ ವಿಷ ತಂದದ್ದು, ಅತ್ತಿಗೆ ಹಾಲಿನ ಲೋಟ ಎತ್ತಿಕೊಂಡದ್ದು, ಎಲ್ಲ ಹೇಳಿ, ಲೋಟ ಅಣ್ಣನ ತುಟಿಗೆ ಹತ್ತಿದಾಗ ಒಮ್ಮೆಲೇ ಗಂಟು ಹಾಕಿಬಿಡುತ್ತಿದ್ದ. ‘ಕುಡದನೋ ಇಲ್ಲೋ? ಮುಂದಿಂದು ಪರದಿ ಮ್ಯಾಲೆ.’ ಬೀಸುವ ಕಲ್ಲಿನ ಮುಂದೆ ಕೂತ ಹೆಂಗಸರು ಕೂಡ ಹಿಟ್ಟು ಹಾಗೇ ಬಿಟ್ಟು ಸಂಜೆ ಬಂಡಿ ಹತ್ತುತ್ತಿದ್ದರು.

ಇದಕ್ಕೆ ಒಂದೇ ಕಟ್ಟುಪಾಡು ಇತ್ತು: ಅವನು ಹಾಕಿದ ಗಂಟನ್ನು ಪರದೆ ಬಿಚ್ಚಬೇಕು. ಅವನಿಗಿಂತ ಮುಂಚಿನ ಪ್ರಚಾರದವನು ಹುಲಿಯ ಜೊತೆ ಕುಸ್ತಿ ಐತಿ ಎಂದು ಸಾರಿದ್ದ. ಪಿಚ್ಚರಿನಲ್ಲಿ ಹುಲಿಯ ಮೀಸೆಯೂ ಇರಲಿಲ್ಲ. ಅವತ್ತಿನಿಂದ ಅವನ ಟಾಂಗಾ ಬಂದರೆ ನಾಯಿ ಬಿಟ್ಟು ಬೇರೆ ಯಾರೂ ತಲೆ ಎತ್ತಲಿಲ್ಲ. ಈಗ ಲಿಂಗಸೂಗೂರು ಬಸ್‌ಸ್ಟ್ಯಾಂಡಿನಲ್ಲಿ ಬಾಳೆಹಣ್ಣು ಮಾರುತ್ತಾನೆ. ಸಿಹಿ ಅದಾವು ಅಂದರೂ ಜನ ಸುಲಿದು ನೋಡಿಯೇ ಕೊಳ್ಳುತ್ತಾರೆ. ಸಂತೆಕಲ್ಲೂರಿನ ಕುರಿಗಾರರ ಓಣಿಯ ಹಿರಿಯಳು ಆದಮ್ಮ ಕನಕರಾಯನಿಗೆ ಮೊದಲ ದಿನವೇ ಹೇಳಿದ್ದಳು: ‘ನಿನ್ನ ಬಾಯಿ ನಂಬಿ ಓಣಿಗೆ ಓಣಿ ಎಬ್ಬಿಸಿಕೊಂಡು ಬರ್ತೀನಿ ತಮ್ಮಾ. ಒಂದ ಸಲ ಸುಳ್ಳಾತಂದ್ರ, ನಮ್ಮೂರಾಗ ನೀ ಮತ್ತ ಬಾಯಿ ತಗೀಬ್ಯಾಡ.’ ಕನಕರಾಯ ಎರಡು ಸುಗ್ಗಿ ಆ ಮಾತು ಕಾಯ್ದುಕೊಂಡು ಬಂದಿದ್ದ. ಅವನ ಹತ್ತಿರ ಇದ್ದ ಆಸ್ತಿ ಅದೊಂದೇ.

ಆ ಆಸ್ತಿಗೆ ಕುತ್ತು ತಂದವರು ಜಂಗ್ಲಿಸಾಬರು.

ಸಾಬರು ಒಳ್ಳೆಯ ಮನುಷ್ಯರು, ಆದರೆ ಕಣ್ಣಿನ ಚಪಲ. ಪಿಚ್ಚರು ಆರಿಸುವಾಗ ಕಥೆ ಕೇಳುತ್ತಿರಲಿಲ್ಲ. ಟಾಕೀಸಿನ ಬಾಗಿಲಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಹಚ್ಚಿರುತ್ತಾರಲ್ಲ, ಆ ಫೋಟೋ ನೋಡಿ ತರುತ್ತಿದ್ದರು. ಈ ಸಲ ಸಿಂಧನೂರಿನಲ್ಲಿ ಒಂದು ಫೋಟೋದ ಮುಂದೆ ನಿಂತವರು ಅಲ್ಲೇ ಬೇರು ಬಿಟ್ಟರು. ಕೆಂಪು ಬಯಲು, ಬಯಲಿನಾಚೆ ಮುಳುಗುವ ಹೊತ್ತು, ನಡುವೆ ಬೆನ್ನು ತಿರುಗಿಸಿ ನಿಂತ ಒಬ್ಬ ಹೆಣ್ಣುಮಗಳು. ಅಷ್ಟೇ. ಅವತ್ತೇ ಹೋಗಿ ಮಾತಾಡಿ, ಮುಂದಿನ ವಾರ ರೀಲಿನ ಡಬ್ಬಿ ಮಸ್ಕಿಗೆ ಕಳಿಸಿ ಎಂದು ಗಟ್ಟಿ ಮಾಡಿಕೊಂಡು ಬಂದರು. ಆಮೇಲೆ ಕನಕರಾಯನನ್ನು ಕರೆದುಕೊಂಡು ಮಧ್ಯಾಹ್ನದ ಆಟಕ್ಕೆ ಹೋದರು.

ಒಳಗೆ ಇದ್ದದ್ದು ಬೆರಳೆಣಿಕೆಯ ಮಂದಿ. ಇಬ್ಬರು ಕಾಲೇಜಿನ ಲೆಕ್ಚರರು, ಬಿಸಿಲಿಗೆ ಮಲಗಲು ಬಂದ ಒಬ್ಬ ಹಮಾಲ, ಇವರು. ಪಿಚ್ಚರಿನ ಹೆಸರು ಗೇಣುದ್ದ ಇತ್ತು, ನಾಲಿಗೆಗೆ ಹೊರಳುತ್ತಿರಲಿಲ್ಲ. ಮೊದಲ ಚಿತ್ರ ಬೆಳಗಿನ ಹೊಲ. ಅದು ಹಾಗೇ ಇತ್ತು. ಇನ್ನೂ ಹಾಗೇ ಇತ್ತು. ಕನಕರಾಯ ತಿರುಗಿ ಆಪರೇಟರನ ಕಿಂಡಿ ನೋಡಿದ. ಅಷ್ಟರಲ್ಲಿ ಒಂದು ಎತ್ತು ಬಂತು, ಮೇಯ್ದಿತು, ಹೋಯಿತು. ಮನೆಯ ಹೆಣ್ಣುಮಗಳು ಹೊರಬಂದು ನೋಡಿದಳು: ಗೂಟ ಖಾಲಿ. ಹುಡುಕಲು ಹೊರಟಳು. ಅಲ್ಲಿಂದ ಬರೀ ಹುಡುಕಾಟ. ಗುಡ್ಡ, ಕೆರೆ, ಒಣಗಿದ ಜೋಳದ ದಂಟು, ಗಾಳಿ. ಮಾತಿಲ್ಲ, ಹಾಡಿಲ್ಲ, ಅವಳ ಗಂಡ ಯಾರು, ಮನೆಯಲ್ಲಿ ಮತ್ಯಾರಿದ್ದಾರೆ, ಒಂದೂ ಇಲ್ಲ. ಕಡೆಗೆ ಒಂದು ಬಂಡೆಯ ಮೇಲೆ ಹೋಗಿ ಕೂತಳು. ಅಷ್ಟಕ್ಕೇ ಪಿಚ್ಚರು ಮುಗಿದು ದೀಪ ಹತ್ತಿತು.

ಕನಕರಾಯ ಹೊರಗೆ ಬರುತ್ತಿದ್ದ ಲೆಕ್ಚರರನ್ನು ಅಡ್ಡಹಾಕಿದ. ‘ಸರ್, ಎತ್ತು ಎಲ್ಲಿ ಹೋತ್ರಿ?’

ಅವರು ನಕ್ಕು, ‘ಎತ್ತು ಇಲ್ಲಿ ಮುಖ್ಯ ಅಲ್ಲಪ್ಪ’ ಅಂದರು.

‘ಮುಖ್ಯ ಅಲ್ಲಂದಮ್ಯಾಲೆ ಯಾಕ ಕಳೀಬೇಕಿತ್ರಿ? ಸುಮ್ನ ಗೂಟಕ್ಕ ಇರ್ತಿತ್ತಲ್ಲ. ಆ ಹೆಣ್ಮಗಳರ ಉಂಡು ಮಕ್ಕೊಂತಿದ್ಲು.’

ಅವರು ಅದಕ್ಕೂ ನಕ್ಕು ಸೈಕಲ್ ಹತ್ತಿದರು. ಜಂಗ್ಲಿಸಾಬರು ಮಾತ್ರ ರುಮಾಲಿನಿಂದ ಕಣ್ಣೊರೆಸಿಕೊಳ್ಳುತ್ತ ಇನ್ನೂ ಮೆಟ್ಟಿಲ ಮೇಲೇ ನಿಂತಿದ್ದರು.

‘ಯಾಕ್ರಿ ಸಾಬ್ರ, ಅಳಾಕತ್ತೀರಿ?’

‘ಆ ಧೂಳು ನೋಡಿದೇನೋ ಕನಕ್ಯಾ. ಕುರಿ ದಾಟಿ ಹೋದಮ್ಯಾಲೆ ಬಿಸಲಾಗ ತೇಲತಿತ್ತಲ್ಲ, ಬಂಗಾರದ್ದು. ಏನ್ ಖೂಬ್‌ಸೂರತ್, ಏನ್ ಚೆಂದ.’

‘ಧೂಳು ನೋಡಾಕ ಸಿಂಧನೂರಿಗೆ ಯಾಕ ಬರಬೇಕ್ರಿ? ಮಸ್ಕಿ ರಸ್ತಾದಾಗ ಬಾಯಿ ತಗದು ನಿಂತ್ರ ಹೊಟ್ಟಿ ತುಂಬತೈತಿ.’

‘ದಿನಾ ತಿಂತೀವಿ, ನೋಡೇವೇನು?’

ಬಸ್ಸಿನಲ್ಲಿ ಇಬ್ಬರೂ ಹೊಡೆದಾಡಿಕೊಂಡೇ ಬಂದರು. ಕಾಲುವೆ ದಾಟುವವರೆಗೆ ಕಥೆ ಇಲ್ಲದ ಪಿಚ್ಚರು ಕಾಳಿಲ್ಲದ ತೆನೆ ಅಂತ ಕನಕರಾಯ. ತೆನೆ ತಿನ್ನುವುದಕ್ಕಷ್ಟೇ ಇರೋದಾ, ಗಾಳಿಗೆ ತೂಗೋದು ನೋಡಬಾರದಾ ಅಂತ ಸಾಬರು. ನೋಡಿದರೆ ಹೊಟ್ಟೆ ತುಂಬುತ್ತದಾ ಅಂತ ಇವನು. ನಿನ್ನ ಕಥೆ ಕೇಳಿ ಯಾರ ಹೊಟ್ಟೆ ತುಂಬಿದೆ ಅಂತ ಅವರು. ಹಿಂದಿನ ಸೀಟಿನವನು ‘ಇಬ್ಬರೂ ಇಳದು ಜಗಳಾಡ್ರಪ, ಕೂಸು ಮಕ್ಕೊಂಡೈತಿ’ ಅಂದ ಮೇಲೆ ಇಬ್ಬರೂ ಸುಮ್ಮನಾದರು. ಮಸ್ಕಿಯ ಗುಡ್ಡ ಕಾಣಿಸಿದಾಗ ಸಾಬರು ಮೆಲ್ಲಗೆ ಅಂದರು, ‘ಡಬ್ಬಿ ಬರೂದು ಬರತೈತಿ. ಸಾರೋದು ನಿನ್ನ ಕೆಲಸ. ಹೆಂಗರ ಸಾರು, ಸುಳ್ಳ ಹೇಳಬ್ಯಾಡ.’

‘ಸುಳ್ಳ ಹೇಳಾಂವ ನಾನೇನ್ರಿ?’ ಎಂದ ಕನಕರಾಯ, ಮತ್ತೆ ಸಿಟ್ಟಿನಲ್ಲಿ.

ಮುಂದಿನ ವಾರ ಡಬ್ಬಿ ಬಂತು. ಬೆಳಿಗ್ಗೆ ಗಿಡ್ಡಪ್ಪ ಟಾಂಗಾ ಹೂಡಿ ಸಂತೆಕಲ್ಲೂರಿನ ದಾರಿ ಹಿಡಿದ. ದಾರಿಯುದ್ದಕ್ಕೂ ಕನಕರಾಯ ತುಟಿ ಕಡಿಯುತ್ತ ಕೂತಿದ್ದ. ಏನು ಸಾರಬೇಕು? ಫೈಟು ಇಲ್ಲ, ಹಾಡಿಲ್ಲ, ಅಳು ಕೂಡ ಇಲ್ಲ.

‘ಗಾಳಿ ಬೀಸತೈತಿ ಅಂತ ಸಾರು’ ಅಂದ ಗಿಡ್ಡಪ್ಪ. ‘ಖರೇನ ಐತಲ್ಲ.’

‘ನೀ ಕುದರಿ ಹೊಡಿ, ಮಾವ.’

ಸಂತೆಕಲ್ಲೂರಿನ ಕಟ್ಟೆಗೆ ಹೋಗುವಷ್ಟರಲ್ಲಿ ಜನ ಕೂಡಿದ್ದರು. ಜೋಳ ಮುರಿದು ಬಂದವರು, ಕುರಿ ಹೊಡೆದುಕೊಂಡು ಹೊರಟವರು, ಕೊಡ ಹೊತ್ತವರು. ಮುಂದೆ ಆದಮ್ಮ, ಸೊಂಟಕ್ಕೆ ಕೈಯಿಟ್ಟುಕೊಂಡು. ಕನಕರಾಯ ಮೈಕು ಹಿಡಿದ. ಇದ್ದದ್ದು ಇದ್ದಂತೆ ಹೇಳಿಬಿಡೋಣ, ಬಂದರೆ ಬರಲಿ ಬಿಟ್ಟರೆ ಬಿಡಲಿ ಎಂದು ಗಟ್ಟಿ ಮಾಡಿಕೊಂಡ.

‘ಒಂದು ಊರು. ಊರ ಹೊರಗ ಒಂದ ಮನಿ. ಮನ್ಯಾಗ ಒಬ್ಬಾಕಿ, ಆಕೀಗೆ ಇದ್ದದ್ದು ಒಂದ ಎತ್ತು. ಬೆಳಗಾಗೆದ್ದು ನೋಡ್ತಾಳ, ಗೂಟ ಖಾಲಿ.’

ಕೊಡ ಹೊತ್ತವರು ಕೊಡ ಇಳಿಸಿದರು.

‘ಹಗ್ಗ ಕಡದೈತೋ, ಯಾರರ ಬಿಚ್ಯಾರೋ ಗೊತ್ತಿಲ್ಲ. ಬರಿಗಾಲಾಗ ಹೊಂಟ್ಲು. ಗುಡ್ಡ ಹತ್ತಿದ್ಲು, ಕೆರಿ ದಂಡಿಗೆ ಹೋದ್ಲು, ಜ್ವಾಳದ ಹೊಲ ಹೊಕ್ಕಳು. ಹೊತ್ತು ಮುಳುಗಾಕತ್ತು.’

ಮುದುಕಪ್ಪ ಎಂಬ ರೈತ ಬೀಡಿ ಸೇದುವುದನ್ನು ಮರೆತು ಬೆರಳು ಸುಟ್ಟುಕೊಂಡ. ಇಲ್ಲಿಗೆ ಸಾಕು ಮಾಡಿ ‘ಇಷ್ಟ ನೋಡ್ರಿ ಇದರಾಗ, ಚಿತ್ರ ಚೆಂದ ಅದಾವು’ ಎಂದು ಮುಗಿಸಬೇಕಿತ್ತು. ಆದರೆ ಎರಡು ಸುಗ್ಗಿಯ ರೂಢಿ. ಜನರ ಬಾಯಿ ತೆರೆದದ್ದು ನೋಡಿದರೆ ಸಾಕು, ನಾಲಿಗೆ ತಾನೇ ಗಂಟು ಕಟ್ಟುತ್ತಿತ್ತು.

‘ಎತ್ತು ಸಿಕ್ತೋ ಇಲ್ಲೋ? ಮುಂದಿಂದು ಪರದಿ ಮ್ಯಾಲೆ.’

ಮೈಕು ಕೆಳಗಿಟ್ಟ ಮೇಲೆ ಕನಕರಾಯನಿಗೆ ತಾನು ಮಾಡಿದ್ದು ಹೊಳೆಯಿತು. ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ಆದರೆ ಹಾಕಿದ ಗಂಟು ಬಿಚ್ಚುವ ತುದಿ ಪರದೆಯ ಮೇಲೆ ಇಲ್ಲವೇ ಇಲ್ಲ. ವಾಪಸು ತೆಗೆದುಕೊಳ್ಳೋಣವೆಂದರೆ ಸುದ್ದಿ ಆಗಲೇ ಹಬ್ಬಿಬಿಟ್ಟಿತ್ತು. ಹಾವು ಕಡಿದರೂ ತಡೆದಾರು, ಎತ್ತು ಕಳೆದರೆ ತಡೆಯುವ ಊರಲ್ಲ ಅದು. ಪ್ರತಿ ಮನೆಯಲ್ಲೂ ಒಂದು ಸಲವಾದರೂ ಎತ್ತು ಕಳೆದಿತ್ತು. ಕೆಲವು ಸಿಕ್ಕಿದ್ದವು, ಕೆಲವು ಸಿಕ್ಕಿರಲಿಲ್ಲ.

ಆದಮ್ಮ ಟಾಂಗಾದ ಹತ್ತಿರ ಬಂದಳು. ‘ಸಿಗತೈತೇನಲೇ?’

‘ಅದನ್ನ ಈಗ ಹೇಳಿದ್ರ ಹೆಂಗಬೇ ಯವ್ವಾ.’

‘ಹೇಳಬ್ಯಾಡ. ನಾ ಅಲ್ಲೇ ಬಂದು ನೋಡ್ತೀನಿ. ಓಣಿ ಎಬ್ಬಿಸ್ಕೊಂಡು ಬರ್ತೀನಿ.’

ಗಿಡ್ಡಪ್ಪ ಟಾಂಗಾ ತಿರುಗಿಸುತ್ತ, ‘ಬಾಳೆಹಣ್ಣಿನ ಬಂಡಿ ಒಂದು ಮಾರಾಟಕ್ಕೈತಂತ ನೋಡು ಲಿಂಗಸೂಗೂರಾಗ’ ಅಂದ.

ಸಂಜೆ ಟೆಂಟಿನ ಮುಂದೆ ಸೇರಿದ ಬಂಡಿಗಳ ಸಾಲು ನೋಡಿ ಜಂಗ್ಲಿಸಾಬರಿಗೇ ದಿಗಿಲಾಯಿತು. ಹೆಂಗಸರ ಬಾಗಿಲಿನಲ್ಲಿ ಚೀಟಿ ಹರಿಯುತ್ತಿದ್ದ ಅವರ ಹೆಂಡತಿ ಪೀರ್‌ಬೀ ಸೆರಗು ಬಿಗಿದು ಕಟ್ಟಿಕೊಂಡು, ‘ಇದೇನ್ರಿ, ಫೈಟಿನ ಪಿಚ್ಚರಿಗೂ ಇಷ್ಟು ಮಂದಿ ಬಂದಿದ್ದಿಲ್ಲ’ ಎಂದಳು. ಕುರಿಗಾರರು ಕಂಬಳಿ ಸಮೇತ ಬಂದಿದ್ದರು. ಕನಕರಾಯ ಟಾಂಗಾದಿಂದ ತಂತಿ ಎಳೆದು ತಂದ ಮೈಕು ಬಗಲಲ್ಲಿ ಇಟ್ಟುಕೊಂಡು ಸಾಬರ ಮುಂದೆ ನಿಂತ.

‘ಸಾಬ್ರ, ಪಿಚ್ಚರ್ ಮುಗಿಯೋ ಹೊತ್ತಿಗೆ ನಾ ಎರಡು ಮಾತು ಹೇಳ್ತೀನಿ. ಎತ್ತು ಮುದಗಲ್ಲಿನ ಸಂತ್ಯಾಗ ಸಿಕ್ತು, ಕದ್ದಾಂವ ಆಕಿ ಮೈದುನ, ಎತ್ತು ಆಕಿ ದನಿ ಕೇಳಿ ಹಗ್ಗ ಹರಕೊಂಡು ಬಂತು. ಎಲ್ಲಾ ಕಟ್ಟೀನಿ. ಚೊಲೋ ಕುಂತೈತಿ.’

‘ನನ್ನ ಪಿಚ್ಚರ್ ಮ್ಯಾಲೆ ಒಂದು ಮಾತು ಬಿದ್ರ ನಿನ್ನ ಕಾಲು ಮುರೀತೀನಿ.’

‘ಕಾಲು ಮುರಿದ್ರ ನಡದೀತ್ರಿ. ಬಾಯಿ ಹೋದ್ರ ನಾ ಏನ್ ಮಾಡ್ಲಿ? ಆದಮ್ಮ ಅಲ್ಲೇ ಕುಂತಾಳ ನೋಡ್ರಿ, ಮುಂದ.’

ಸಾಬರು ನೋಡಿದರು. ಆದಮ್ಮ ಪರದೆಗೆ ಮೂಗು ತಾಗುವಷ್ಟು ಹತ್ತಿರ ಕೂತಿದ್ದಳು. ಅವರಿಗೂ ಅಳುಕಾಯಿತು, ಆದರೆ ಜಗ್ಗಲಿಲ್ಲ. ‘ಅವರಿಗೂ ಕಣ್ಣದಾವಲ್ಲೋ’ ಎಂದಷ್ಟೇ ಹೇಳಿ ಮಷೀನಿನ ಕಡೆ ಹೋದರು. ಕನಕರಾಯ ಪರದೆಯ ಬದಿಯ ಕಂಬಕ್ಕೆ ಒರಗಿ, ಮೈಕು ಕೈಯಲ್ಲೇ ಹಿಡಿದು ನಿಂತ. ಕಾಲು ಮುರಿದರೆ ಮುರಿಯಲಿ, ಕಡೆಯಲ್ಲಿ ತಾನು ಮಾತಾಡುವವನೇ.

ಬೆಳಗಿನ ಹೊಲ ಬಂತು. ಹಾಗೇ ನಿಂತಿತು.

‘ಲೇ, ರೀಲು ಸಿಕ್ಕೊಂಡೈತೇನಲೇ’ ಎಂದು ಹಿಂದಿನಿಂದ ಒಬ್ಬ ಕೂಗಿದ.

‘ಸುಮ್ನಿರು’ ಅಂದ ಮುದುಕಪ್ಪ. ‘ಎತ್ತು ಇಲ್ಲೇ ಎಲ್ಲೋ ಐತಿ. ಬದುವಿನ ಕಡೆ ನೋಡು.’

ಎತ್ತು ಬಂದಾಗ ಟೆಂಟು ಒಂದೇ ಉಸಿರಿಗೆ ‘ಬಂತು’ ಎಂದಿತು. ಆಮೇಲೆ ಶುರುವಾಯಿತು. ಕೋಡು ಒಳಗೆ ಬಾಗಿವೆ, ಕೃಷ್ಣಾ ಕಡೆಯ ಎತ್ತು ಅಂತ ಒಬ್ಬರು. ಅಲ್ಲ, ಹಣೆ ನೋಡು, ಬಯಲುಸೀಮೆದು ಅಂತ ಇನ್ನೊಬ್ಬರು. ಹಿಂದಿನ ಬಲಗಾಲು ಎಳೆಯುತ್ತದೆ, ಬಹಳ ದೂರ ಹೋಗಿರಲಿಕ್ಕಿಲ್ಲ ಎಂದು ಒಬ್ಬ ಹೆಂಗಸು ತೀರ್ಪು ಕೊಟ್ಟಳು. ಸಿಂಧನೂರಿನಲ್ಲಿ ಕನಕರಾಯನಿಗೆ ಆ ಎತ್ತಿಗೆ ಕಾಲಿದ್ದದ್ದೂ ಕಂಡಿರಲಿಲ್ಲ.

ಗೂಟ ಖಾಲಿಯಾಯಿತು, ಹೆಣ್ಣುಮಗಳು ಹೊರಟಳು. ಅವಳ ಜೊತೆ ಟೆಂಟೂ ಹೊರಟಿತು.

ಸಿಂಧನೂರಿನಲ್ಲಿ ಹಮಾಲ ಗೊರಕೆ ಹೊಡೆದಿದ್ದು ಆ ಗುಡ್ಡದ ಚಿತ್ರಕ್ಕೆ. ಇಲ್ಲಿ ಗುಡ್ಡ ಬಂದ ಕೂಡಲೇ ಜನ ಮೊಣಕಾಲ ಮೇಲೆ ಎದ್ದರು. ನೂರಾರು ಕಣ್ಣು ಕಲ್ಲುಕಲ್ಲಿನ ಸಂದಿಗೆ ಹೊಕ್ಕವು. ‘ಆ ಕಳ್ಳಿ ಹಿಂದ ನೋಡ್ರಿ.’ ‘ಅದು ನೆಳ್ಳು.’ ‘ನೆಳ್ಳು ಹಂಗ ಬೀಳತೈತೇನು, ಹೊತ್ತು ಈ ಕಡಿಗೈತಿ.’ ಚಿತ್ರ ಬದಲಾದಾಗ ಮುದುಕಪ್ಪ ಹಿಂದೆ ತಿರುಗಿ ಬೈದ. ‘ಜಂಗ್ಲಿಸಾಬ್ರ, ಸ್ವಲ್ಪ ನಿಲ್ಲಸ್ರಿ. ಎಡಕಿಂದು ಇನ್ನೂ ನೋಡಿದ್ದಿಲ್ಲ.’

ಕೆರೆ ಬಂತು. ನೀರಿನಲ್ಲಿ ಮೋಡ. ನೀರು ಕುಡಿಯಲು ಬಂದೇ ಬರುತ್ತದೆ ಎಂದು ಎಲ್ಲರೂ ದಂಡೆ ಕಾದರು. ಗಾಳಿ ಸುಳಿಯಿತು, ಮೋಡ ಚೂರುಚೂರಾಗಿ ಮತ್ತೆ ಕೂಡಿತು. ಯಾರೋ ಒಬ್ಬ ಹುಡುಗಿ ‘ಯವ್ವಾ, ನೀರು ಎಷ್ಟು ಚೆಂದೈತಿ’ ಅಂದಳು. ಅವಳ ತಾಯಿ, ‘ನೀರಲ್ಲ, ದಂಡಿ ನೋಡು’ ಎಂದು ಗದರಿದಳು. ಗದರಿ ತಾನು ನೀರನ್ನೇ ನೋಡುತ್ತ ಕೂತಳು.

ರೀಲು ಬದಲಿಸಲು ದೀಪ ಹಾಕಿದಾಗ ಹೊರಗೆ ಹೋಗುವವರೇ ಇಲ್ಲ. ಶೇಂಗಾ ಮಾರುವವನು ಎರಡು ಸಾಲು ತಿರುಗಿ ಬುಟ್ಟಿ ಕೆಳಗಿಟ್ಟು ತಾನೂ ಚರ್ಚೆಗೆ ಕೂತ. ಮುಂದೆ ಯಾವ ಕಡೆ ಹುಡುಕಬೇಕು ಎನ್ನುವುದು ವಿಷಯ. ಜೋಳದ ಹೊಲಕ್ಕೆ ಹೋಗಬೇಕು ಅಂತ ಅರ್ಧ ಟೆಂಟು, ಹಳ್ಳ ಹಿಡಿದು ಕೆಳಗೆ ಹೋಗಬೇಕು ಅಂತ ಉಳಿದರ್ಧ. ದೀಪ ಆರಿತು. ಅವಳು ಜೋಳದ ಹೊಲ ಹೊಕ್ಕಳು. ಅರ್ಧ ಟೆಂಟು ಗೆದ್ದ ಹಾಗೆ ಕೇಕೆ ಹಾಕಿತು.

ಒಣಗಿದ ದಂಟಿನ ನಡುವೆ ಗಾಳಿ. ಗಾಳಿಯೊಳಗೆ ಎಲ್ಲೋ ದೂರದಲ್ಲಿ ಕಿಣಿ ಎಂದಿತು. ಒಂದೇ ಸಲ.

‘ಗಂಟಿ’ ಅಂದಳು ಆದಮ್ಮ.

ಟೆಂಟು ಸ್ತಬ್ಧವಾಯಿತು. ಮಷೀನಿನ ಟರಟರ ಬಿಟ್ಟು ಮತ್ತೇನೂ ಇಲ್ಲ. ತಾಯಂದಿರು ಕೂಸುಗಳ ಬಾಯಿಗೆ ಮೊಲೆ ಕೊಟ್ಟರು. ಕನಕರಾಯ ಕೂಡ ಕಂಬ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಿದ್ದ. ಸಿಂಧನೂರಿನಲ್ಲಿ ಈ ಗಂಟೆ ಕೇಳಿರಲಿಲ್ಲ. ಆ ಹೊತ್ತಿಗೆ ತಾನು ಪಿಚ್ಚರು ತೆಗೆದವನ ವಂಶಾವಳಿ ಬೈಯುತ್ತಿದ್ದೆನೆಂದು ನೆನಪಾಗಿ, ಆ ಸಿಟ್ಟಿನ ಮೇಲೂ ಅವನಿಗೆ ಸಿಟ್ಟು ಬಂತು. ದಂಟು ಅಲುಗಿತು. ಒಂದೊಂದು ಎಲೆಯ ಅಂಚಿನಲ್ಲಿ ಬಿಸಿಲು ಹತ್ತಿ ಉರಿಯುತ್ತಿತ್ತು. ಇಷ್ಟು ಚೆಂದ ಇತ್ತೇನು ಇದು ಎಂದುಕೊಂಡ. ಎಂದುಕೊಂಡದ್ದನ್ನು ಸಾಬರು ಕೇಳಿಬಿಟ್ಟರೇನೋ ಎಂಬಂತೆ ಹಿಂದೆ ತಿರುಗಿ ನೋಡಿ, ಮೀಸೆ ಒರೆಸಿಕೊಂಡ.

ಕಡೆಗೆ ಬಂಡೆ ಬಂತು. ಅವಳು ಕೂತಳು. ಕೆಂಪು ಬಯಲು, ಬಯಲಿನಾಚೆ ದಿಬ್ಬ, ದಿಬ್ಬದ ಮೇಲೆ ಹೊತ್ತು. ಟೆಂಟಿಗೆ ಟೆಂಟೇ ಬಯಲನ್ನು ಜಾಲಾಡತೊಡಗಿತು. ಕನಕರಾಯ ಗಂಟಲು ಸರಿಮಾಡಿಕೊಂಡು ಮೈಕು ಬಾಯಿಯ ಹತ್ತಿರ ತಂದ. ಮುದಗಲ್ಲಿನ ಸಂತೆ, ಮೈದುನ, ಹರಿದ ಹಗ್ಗ, ಎಲ್ಲ ನಾಲಿಗೆಯ ತುದಿಯಲ್ಲಿ ಸಾಲು ನಿಂತಿದ್ದವು. ಆದರೆ ಕಣ್ಣು ಮಾತ್ರ ಪರದೆ ಬಿಡಲೊಲ್ಲದು. ದಿಬ್ಬದ ಬಲತುದಿಯಲ್ಲಿ ಒಂದು ಕಪ್ಪು ಚುಕ್ಕೆ ಇತ್ತು. ಅದು ಅಲುಗಿತೋ, ಬಿಸಿಲ ಝಳಕ್ಕೆ ಅಲುಗಿದ ಹಾಗೆ ಕಂಡಿತೋ. ಅವನು ಕತ್ತು ಮುಂದೆ ಚಾಚಿದ. ಅಷ್ಟರಲ್ಲಿ ದೀಪ ಹತ್ತಿತು.

ಎಲ್ಲರೂ ಒಮ್ಮೆಲೇ ಮಾತಾಡಿದರು.

‘ಬಲಕ್ಕ ಇತ್ತು. ನಾ ಕಂಡೀನಿ.’

‘ಅದು ಜಾಲಿ ಗಿಡ.’

‘ಜಾಲಿ ಗಿಡಕ್ಕ ಕೋಡಿರ್ತಾವೇನಲೇ?’

‘ನಿನಗ ಹಗಲೇ ಕೋಡು ಕಾಣಂಗಿಲ್ಲ. ಹೋದ ವರ್ಷ ಕೋಣ ಅಂತ ನನ್ನ ಎಮ್ಮಿ ಹೊಡಕೊಂಡು ಹೋಗಿದ್ದಿ.’

ಜಗಳ ಸಾಲಿನಿಂದ ಸಾಲಿಗೆ ಹತ್ತಿತು. ಗಂಡ ಎತ್ತು ಅಂದರೆ ಹೆಂಡತಿ ಕಲ್ಲು ಅಂದಳು. ಪೀರ್‌ಬೀ ಕೂಡ ಬಾಗಿಲು ಬಿಟ್ಟು ಬಂದು ಕಲ್ಲಿನ ಪಕ್ಷ ಸೇರಿದಳು. ಆಗ ಮುದುಕಪ್ಪ ಎದ್ದು ನಿಂತು, ‘ಯಾಕ ಬಡದಾಡ್ತೀರಿ? ಕನಕರಾಯ ಅದಾನಲ್ಲ, ಮೊದಲ ನೋಡಿ ಬಂದಾನ. ಅವನ್ನ ಕೇಳ್ರಿ’ ಅಂದ.

ಟೆಂಟು ಅವನ ಕಡೆ ತಿರುಗಿತು. ಮೈಕು ಕೈಯಲ್ಲೇ ಇತ್ತು. ಆದಮ್ಮ ಎದ್ದು ಬಂದು ಎದುರಿಗೆ ನಿಂತಳು.

‘ಹೇಳಪ. ಸಿಕ್ತೋ ಇಲ್ಲೋ?’

ಈಗ ಮುದಗಲ್ಲಿನ ಸಂತೆ ಬಿಚ್ಚಿದರೆ ಬದುಕಿದಂತೆ. ಸಾಬರು ಮಷೀನಿನ ಹತ್ತಿರ ಇದ್ದಾರೆ, ಕಾಲು ಮುರಿಯಲು ಇಲ್ಲಿಯ ತನಕ ಬರಬೇಕು. ಕನಕರಾಯ ಬಾಯಿ ತೆರೆದ. ಆದರೆ ಈ ಮುದುಕಿ ಈಗಷ್ಟೇ ಪರದೆಗೆ ಮೂಗು ಹಚ್ಚಿ ತನ್ನ ಎತ್ತೇ ಕಳೆದಂತೆ ಹುಡುಕಿದ್ದಾಳೆ. ತಾನೂ ಹುಡುಕಿದ್ದಾನೆ. ಇಬ್ಬರೂ ಕಾಣದ ಎತ್ತನ್ನು ಬಾಯಿಮಾತಿನಲ್ಲಿ ಎಳೆದು ತಂದು ಕಟ್ಟುವುದೆಂದರೆ ಪರದೆಯ ಮೇಲೆ ಇಲ್ಲದ ಹುಲಿಯನ್ನು ತಂದ ಹಾಗೆಯೇ.

‘ನಂಗೊತ್ತಿಲ್ಲಬೇ’ ಎಂದ. ಮೈಕು ಚಾಲೂ ಇತ್ತು. ಮಾತು ಹಾರ್ನಿನಲ್ಲಿ ಹಳ್ಳದಾಚೆಗೂ ಕೇಳಿತು. ‘ಸಿಂಧನೂರಾಗ ನೋಡಿದಾಗ ಸಿಟ್ಟಿಲೆ ನೋಡಿದೆ, ಏನೂ ಕಾಣಲಿಲ್ಲ. ಇವತ್ತು ಒಂದು ಕರಿ ಚುಕ್ಕಿ ಕಂಡೈತಿ. ಎತ್ತೋ ಕಲ್ಲೋ, ದೇವರಾಣಿ ಗೊತ್ತಿಲ್ಲ. ಗೊತ್ತಿಲ್ಲದ ಗಂಟು ಹಾಕಿದ್ದು ನನ್ನ ತಪ್ಪು.’

ಗಿಡ್ಡಪ್ಪ ಹಗ್ಗದಾಚೆಯಿಂದ ಇಣುಕುತ್ತಿದ್ದವನು ಮುಖ ಮುಚ್ಚಿಕೊಂಡ.

ಆದಮ್ಮ ಬಹಳ ಹೊತ್ತು ಅವನ ಮುಖವನ್ನು ಪರದೆ ನೋಡಿದ ಹಾಗೆ ನೋಡಿದಳು. ಎಲ್ಲಾದರೂ ಸುಳ್ಳು ಅಡಗಿದೆಯೇ ಎಂದು ಸಂದಿಸಂದಿ ಹುಡುಕಿದಂತಿತ್ತು.

‘ಗಂಟು ಬಿಚ್ಚಲಿಲ್ಲ ಕನಕ್ಯಾ’ ಅಂದಳು.

‘ಇಲ್ಲಬೇ ಯವ್ವಾ.’

‘ನನ್ನ ಗಂಡ ಬದುಕಿದ್ದಾಗ ನಮ್ಮದೊಂದು ಹೋರಿ ಕಳದು ಹೋಗಿತ್ತು. ಇವತ್ತಿಗೂ ಗುಡ್ಡ ಹತ್ತಿದ್ರ ಒಂದ್ಸಲ ಆ ಕಡೆ ನೋಡ್ತೀನಿ. ಬಿಚ್ಚಲಾರದ್ದು ಇರ್ತಾವು.’ ಸೆರಗು ಕೊಡವಿದಳು. ‘ನಾಳೆ ನನ್ನ ತಂಗಿ ಮಗನ್ನ ಕರಕೊಂಡು ಬರ್ತೀನಿ. ಅವನ ಕಣ್ಣು ಚುರುಕದಾವು, ಮೂರು ಹೊಲದಾಚೆ ತೋಳ ಗುರುತು ಹಿಡೀತಾನ. ಮುಂದಿನ ಸಾಲಾಗ ಜಾಗ ಹಿಡದಿಡು.’

‘ನಮಗೂ’ ಅಂದ ಮುದುಕಪ್ಪ. ‘ಎಡಕಿಂದು ನೋಡೇ ಇಲ್ಲ ನಾ.’

ಜನ ಬಡಿದಾಡುತ್ತಲೇ ಬಂಡಿ ಹತ್ತಿದರು. ಬಂಡಿಗಳು ಸಂತೆಕಲ್ಲೂರಿನ ದಾರಿ ಹಿಡಿದ ಮೇಲೂ ಕಲ್ಲು, ಎತ್ತು, ಕಲ್ಲು, ಎತ್ತು ಎಂಬ ದನಿ ಹಳ್ಳದ ದಂಡೆಗೆ ತೇಲಿ ಬರುತ್ತಿತ್ತು. ಜಂಗ್ಲಿಸಾಬರು ರುಮಾಲು ಹಿಡಿದುಕೊಂಡೇ ಬಂದರು. ಕಣ್ಣು ಒದ್ದೆ, ಮುಖದ ತುಂಬ ನಗು.

‘ನೋಡಿದೇನೋ? ಮಂದಿ ಖೂಬ್‌ಸೂರತಿ ನೋಡಿದ್ರು. ಒಂದೊಂದು ಎಲಿ ಬಿಡದಂಗ ನೋಡಿದ್ರು.’

‘ಎತ್ತು ನೋಡಿದ್ರು ರೀ. ಎತ್ತು ಕಳದೈತಂತ ನಾ ಹೇಳಿದ್ದಕ್ಕ ನೋಡಿದ್ರು. ಇಲ್ಲಂದ್ರ ಮೊದಲನೇ ರೀಲಿಗೇ ಕಂಬ ಕೀಳ್ತಿದ್ರು.’

‘ಎತ್ತು ಹುಡುಕತ ಏನು ನೋಡಿದ್ರು?’

ಕನಕರಾಯನಿಗೆ ಸಿಟ್ಟು ಬಂತು. ‘ಅದು ಕಲ್ಲಲ್ಲ ಮತ್ತ’ ಎಂದು ಪೀರ್‌ಬೀಯ ಕಡೆ ತಿರುಗಿ ಜಗಳ ತೆಗೆದ. ‘ಕಲ್ಲು ಅಲಗತಾವೇನ್ ಚಾಚಿ?’

‘ಎತ್ತಾಗಿದ್ರ ಆಕಿ ಎದ್ದು ಓಡ್ತಿದ್ಲು’ ಅಂದಳು ಪೀರ್‌ಬೀ, ಹರಿದ ಚೀಟಿ ಗುಡಿಸುತ್ತ.

‘ಆಕಿ ನೋಡಿಲ್ಲ, ಆಕಿ ಹೊತ್ತು ನೋಡಾಕತ್ತಿದ್ಲು.’

‘ಹಂಗಂದ್ರ ಆಕಿ ನಮ್ಮ ಸಾಬ್ರ ಜಾತಿಯಾಕಿ’ ಎಂದಳು ಪೀರ್‌ಬೀ. ಸಾಬರು ನಕ್ಕರು.

ಮರುದಿನ ಟಾಂಗಾ ಲಿಂಗಸೂಗೂರಿನ ರಸ್ತೆ ಹಿಡಿಯಿತು. ಕನಕರಾಯ ಇನ್ನೂ ಮೈಕು ಹಿಡಿದೂ ಇರಲಿಲ್ಲ; ಎದುರಿನಿಂದ ಬಂದ ಲಿಂಗಸೂಗೂರು ಬಸ್ಸು ಟಾಂಗಾದ ಪಕ್ಕದಲ್ಲೇ ನಿಂತುಬಿಟ್ಟಿತು. ಕಂಡಕ್ಟರ್ ಬಾಗಿಲಿನಲ್ಲಿ ಜೋತುಬಿದ್ದು ಕೇಳಿದ, ‘ಏನಪಾ, ಸಂತೆಕಲ್ಲೂರಿಂದ ಬಸ್ ಹತ್ತಿದಾರು ದಾರಿ ತುಂಬ ಕುತ್ತಿಗಿ ಹಿಡಕೊಂಡಾರ. ಎತ್ತು ಸಿಕ್ತೋ ಇಲ್ಲೋ?’ ಕಿಟಕಿಗೊಂದು ತಲೆ ಹೊರಗೆ ಬಂತು.

ಕನಕರಾಯ ಹಾರ್ನು ಬಸ್ಸಿನ ಕಡೆ ತಿರುಗಿಸಿದ. ‘ನಿನ್ನಿ ನೋಡಿದ ಮಂದಿ ಅರ್ಧ ಸಿಕ್ತು ಅಂತಾರ, ಅರ್ಧ ಇಲ್ಲಂತಾರ. ನಾ ಮುಂದ ನಿಂತು ನೋಡೀನಿ, ನಂಗೊತ್ತಾಗಿಲ್ಲ. ಪರದೀನೂ ಹೇಳಂಗಿಲ್ಲ, ಈಗಲೇ ಹೇಳಿಬಿಡ್ತೀನಿ. ಕಣ್ಣಿದ್ದಾರು ಬಂದು ಹುಡುಕ್ರಿ.’

‘ಯಾವ ಕಡಿಗೆ ನೋಡಬೇಕು ಅಷ್ಟಾದ್ರೂ ಹೇಳೋ’ ಎಂದು ಹಿಂದಿನ ಕಿಟಕಿಯಿಂದ ಒಬ್ಬ ಮುದುಕ ಕೇಳಿದ.

‘ಅದೂ ನಾನ ಹೇಳಬೇಕೇನ್ರಿ?’ ಎಂದು ಕನಕರಾಯ ಸಿಡುಕಿದ. ‘ಎಲ್ಲಾ ಕಡಿಗೂ ನೋಡ್ರಿ.’